ಕೆಂಪು ವೈರು ಯಾವ ಕಡೆಗೆ

ಪ್ರಭುರಾಜನಿಗೆ ಲಕ್ವ ಹೊಡೆದ ದಿನ ಅವನ ಮೇಜಿನ ಮೇಲೆ ದೇವದುರ್ಗದ ವಲಿ ಪಾಷಾನ ಹಳೆಯ ರೆಕಾರ್ಡ್ ಪ್ಲೇಯರ್ ಹೊಟ್ಟೆ ಬಿಚ್ಚಿಕೊಂಡು ಕೂತಿತ್ತು. ರಾಯಚೂರಿನ ತೀನ್ ಕಂದೀಲ್ ಹತ್ತಿರದ ಆ ಅಂಗಡಿಯಲ್ಲಿ ರೇಡಿಯೊ, ಟಿ.ವಿ., ಏನೇ ಬಂದರೂ ಅವನ ಕೈ ಸೋತದ್ದಿರಲಿಲ್ಲ. ಈಗ ಬಲಗೈ ಜೋತುಬಿದ್ದಿತ್ತು. ಬಾಯಲ್ಲಿ ಉಳಿದದ್ದು ‘ಆತು’ ಎಂಬ ಒಂದೇ ಮಾತು. ತಿಳಿವಳಿಕೆಯೂ ಉಳಿದಿರಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಹೆಂಡತಿ ನೇತ್ರಾವತಿ ನಂಬಲಿಲ್ಲ. ಗಂಡನ ಪಕ್ಕದಲ್ಲೇ ಕೂತು ಕೆಲಸ ಕಲಿತವಳು, ಅವನನ್ನು ಗಾಲಿಕುರ್ಚಿಯಲ್ಲಿ ತಂದು ಮೇಜಿನೆದುರು ಕೂರಿಸಿ ತಾನೇ ಅಂಗಡಿ ನಡೆಸತೊಡಗಿದಳು.

ವಲಿ ಪಾಷಾ ಬಟ್ಟೆ ವ್ಯಾಪಾರಿ. ಸರಕಿಗೆಂದು ರಾಯಚೂರಿಗೆ ಬಂದಾಗಲೆಲ್ಲ ಬಂದು ಹೋಗುತ್ತಿದ್ದ.

“ಅವಸರ ಇಲ್ಲ ಅಕ್ಕಾ. ಆದ್ರ ಅಮ್ಮೀಗೆ ಕಣ್ಣು ಕಾಣಂಗಿಲ್ಲ. ಬ್ಯಾರೆ ಮಿಷನ್‌ನ್ಯಾಗ ಮುಳ್ಳು ಕೈಲೆ ಇಡಬೇಕು. ಇದು ಗುಂಡಿ ಒತ್ತಿದ್ರ ತಾನ ಇಡ್ತದ, ತಾನ ಎತ್ತತದ. ಒಬ್ಬಾಕಿನ ಕುಂತು ಹಾಡು ಕೇಳ್ತಿದ್ಲು. ಈಗ ಗ್ವಾಡಿಗೆ ಮುಖ ಮಾಡಿ ಕುಂದರ್ತಾಳ.”

ಗುಂಡಿ ಒತ್ತಿದರೆ ತಟ್ಟೆ ತಿರುಗುತ್ತಿತ್ತು, ಮುಳ್ಳಿನ ಕೋಲು ಎದ್ದು ರೆಕಾರ್ಡಿನ ಅಂಚಿಗೆ ಬರುತ್ತಿತ್ತು. ಇನ್ನೇನು ಇಳಿಯಬೇಕು, ಅಷ್ಟರಲ್ಲಿ ವಾಪಸ್ ಹೋಗಿ ಮಲಗುತ್ತಿತ್ತು. ನೇತ್ರಾವತಿ ಮೀಟರ್ ಹಚ್ಚಿದಳು. ಸುಮ್ಮನಿದ್ದಾಗ ವೋಲ್ಟೇಜು ಸರಿ. ಕೋಲಿನ ಮೋಟಾರು ತಿರುಗಿದ ಕೂಡಲೇ ಅರ್ಧಕ್ಕೆ ಕುಸಿಯುತ್ತಿತ್ತು. ದೊಡ್ಡ ಕೆಪಾಸಿಟರ್ ಮೇಲೆ ಬೆರಳಿಟ್ಟು ಗಂಡನನ್ನು ಕೇಳಿದಳು: “ಇದು ಒಣಗೇದೇನ್ರೀ?”

“ಆತು,” ಎಂದು ಅವನು ತಲೆಯಾಡಿಸಿದ.

ಬದಲಿಸಿದಳು. ಕೋಲು ಮೆತ್ತಗೆ ಇಳಿದು ಹಾಡು ಅಂಗಡಿ ತುಂಬಿತು. ಅವಳು ಗಂಡನ ಕೆನ್ನೆ ಹಿಡಿದು ಅತ್ತೇಬಿಟ್ಟಳು. “ನಿಮಗ ಎಲ್ಲಾ ತಿಳೀತದ. ಆ ಡಾಕ್ಟರಿಗೇನ್ ಗೊತ್ತದ!”

ಆದರೆ ಹಾಡಿನ ನಡುವೆಯೇ ಕೋಲು ಎದ್ದು ಹೋಯಿತು. ರೆಕಾರ್ಡು ಮುಗಿದದ್ದನ್ನು ಗುರುತಿಸುವ ಪುಟ್ಟ ಸೆನ್ಸರ್ ಕೆಟ್ಟಿತ್ತು. ಊರಿನಲ್ಲಿ ಎಲ್ಲೂ ಅದು ಸಿಗಲಿಲ್ಲ. ಮಾನ್ವಿಯ ಅಮೀರ್ ಸಾಬ್‌ನ ಗುಜರಿಯಲ್ಲಿ ಅಂಥದೇ ಮಿಷನ್ ಬಿದ್ದಿದೆಯೆಂದು ಕೇಳಿ ಬಸ್ಸು ಹತ್ತಿದಳು. ಧೂಳು ತಿಂದ ರಾಶಿಯೊಳಗಿಂದ ಅದರ ಸೆನ್ಸರನ್ನು ಕಿತ್ತುಕೊಂಡು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದಳು.

ಅದರ ವೈರುಗಳ ಬಣ್ಣವೇ ಬೇರೆ ಇತ್ತು. ತಪ್ಪು ಜಾಗಕ್ಕೆ ಹಚ್ಚಿದರೆ ಮಿಷನ್ನನ್ನು ನಡೆಸುವ ಐಸಿಯೇ ಸುಡುತ್ತದೆ. ಅಂಥ ಐಸಿ ಈಗ ಎಲ್ಲೂ ತಯಾರಾಗುವುದಿಲ್ಲ. ಮೀಟರ್ ಹಿಡಿದು ಕೂತಿದ್ದರೆ ಸಂಜೆಯೊಳಗೆ ತಾನೇ ಕಂಡುಕೊಳ್ಳುತ್ತಿದ್ದಳು. ಆದರೆ ಅವಳಿಗೆ ಅವನನ್ನು ಕೇಳಬೇಕಿತ್ತು.

“ಕೆಂಪು ವೈರು ಈ ಕಡೀಗೇನ್ರೀ?”

“ಆತು.” ಎಡಗೈಯಿಂದ ಮೇಜನ್ನೂ ತಟ್ಟಿದ.

ಬೆಸೆದಳು. ಸ್ವಿಚ್ಚು ಹಾಕಿದಳು. ಚಿಟ್ ಎಂಬ ಸದ್ದು, ಎಳೆಯಾಗಿ ಹೊಗೆ, ಸುಟ್ಟ ನಾತ. ತಟ್ಟೆ ಅಲುಗಲಿಲ್ಲ.

ಪ್ರಭುರಾಜ ಹೊಗೆಯನ್ನು ನೋಡಿ ನಗುತ್ತಿದ್ದ.

ನೇತ್ರಾವತಿ ಸ್ವಿಚ್ಚು ಆರಿಸಿದಳು. “ನಾನು ಹಚ್ಚಿದ್ದು ತಪ್ಪೇನ್ರೀ?”

“ಆತು.”

“ಸರಿ ಏನ್ರೀ?”

“ಆತು.”

ಅವಳು ಅವನ ಮೊಣಕಾಲ ಹತ್ತಿರ ಕೂತಳು. “ನಾನ್ಯಾರ್ರೀ? ನಾನು ಯಾರಂತ ಗೊತ್ತದೇನು?”

“ಆತು,” ಎಂದ, ಅದೇ ನಗುಮುಖದಿಂದ.

ಎರಡು ದಿನ ಬಿಟ್ಟು ವಲಿ ಪಾಷಾ ಬಂದ. ನೇತ್ರಾವತಿ ತಲೆಯೆತ್ತದೆ ಹೇಳಿದಳು: “ಸುಟ್ಟಾಕಿ ನಾನ, ಅಣ್ಣಾ. ಇನ್ನ ಆಗಂಗಿಲ್ಲ.”

ಅವನು ಚಾದರವೊಂದನ್ನು ಹಾಸಿ ಮಿಷನ್ನನ್ನು ಗಂಟು ಕಟ್ಟಿದ. “ಮನ್ಯಾಗರ ಇರಲಿ. ಅಮ್ಮಿ ಕೈಯಾಡಿಸಿ ನೋಡ್ತಾಳ,” ಎಂದ. ಹೊರಡುವಾಗ ಪ್ರಭುರಾಜನ ಕಡೆ ಬಾಗಿ, “ಉಸ್ತಾದ್, ನಿಮ್ಮ ತಬ್ಯೇತ್ ಹೆಂಗದರೀ?” ಎಂದು ಕೇಳಿದ. ಉತ್ತರ ಕೇಳಲಾರದೆ ನೇತ್ರಾವತಿ ಪರದೆಯ ಹಿಂದೆ ಹೋಗಿ ನಿಂತಳು.

ಮರುದಿನ ಬೆಳಿಗ್ಗೆ ಅವನಿಗೆ ಗಂಜಿ ಕುಡಿಸಿ, ಬಾಯಿ ಒರೆಸಿ, ಮಗ್ಗುಲಾಗಿ ಮಲಗಿಸಿದಳು. ಗಾಲಿಕುರ್ಚಿಯನ್ನು ಮೂಲೆಗೆ ಸರಿಸಿ ಅಂಗಡಿಗೆ ಒಬ್ಬಳೇ ಹೋದಳು.