ಗಾವಡಗೆರೆಯ ಚಪ್ಪರಕ್ಕೆ ಮುಟ್ಟಿದ ಸೋಬಾನೆ

ಕೃಷ್ಣರಾಜನಗರದ ಹೊರಭಾಗದಲ್ಲಿರುವ ಹಿರಿಯರ ಆರೈಕೆ ಮನೆಯಲ್ಲಿ ಆ ಬೆಳಿಗ್ಗೆ ಯಾರಿಗೂ ತಿಂಡಿಯ ಮೇಲೆ ಗಮನವಿರಲಿಲ್ಲ. ಅಲ್ಲಿದ್ದ ಶಿವರುದ್ರಮ್ಮನವರ ಮೊಮ್ಮಗಳು ಬೃಂದಾಳಿಗೆ ಅಂದು ಸಂಜೆ ಗಾವಡಗೆರೆಯಲ್ಲಿ ಅರಿಸಿನದ ಶಾಸ್ತ್ರ. ಆ ಮನೆತನದಲ್ಲಿ ಹಿರಿಯಾಕೆ ಸೋಬಾನೆಯ ಮೊದಲ ಸೊಲ್ಲು ಎತ್ತುವ ತನಕ ಯಾರೂ ಅರಿಸಿನದ ಬಟ್ಟಲು ಮುಟ್ಟುವುದಿಲ್ಲ. ಆದರೆ ಶಿವರುದ್ರಮ್ಮನವರಿಗೆ ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆಯಾಗಿತ್ತು. ಪ್ರಯಾಣ ಕೂಡದೆಂದು ವೈದ್ಯರು ಹೇಳಿದ್ದರು. ಹಾಗಾದರೆ ಸ್ಪೀಕರಿನಲ್ಲಿ ಯಾವುದಾದರೂ ಹಾಡು ಹಾಕಿ ಶಾಸ್ತ್ರ ಮುಗಿಸೋಣವೆಂದು ಮನೆಯವರು ತೀರ್ಮಾನಿಸಿದ್ದರು. ಆ ಮಾತು ಕೇಳಿದಂದಿನಿಂದ ಶಿವರುದ್ರಮ್ಮನವರಿಗೆ ಅನ್ನ ರುಚಿಸಿರಲಿಲ್ಲ.

ಅಲ್ಲಿ ಆರೈಕೆ ನೋಡಿಕೊಳ್ಳುವ ಶೃತಿ ಒಂದು ಟ್ಯಾಬ್ ತಂದು, ವಿಡಿಯೊ ಕಾಲ್‌ನಲ್ಲಿ ಇಲ್ಲಿಂದಲೇ ಹಾಡಬಹುದೆಂದಳು. ಪಕ್ಕದ ಕುರ್ಚಿಯ ಲಿಂಗಣ್ಣನವರು ತಡೆದರು. ಅದನ್ನು ಮುಟ್ಟಿದರೆ ಬ್ಯಾಂಕಿನಲ್ಲಿರುವ ಪಿಂಚಣಿ ಮಾಯವಾಗುತ್ತದೆಂಬುದು ಅವರ ವಾದ.

“ಮುಟ್ಟಿದ್ರೆ ಏನೂ ಹೋಗಲ್ಲ ಕಣ್ ತಾತ. ಯಾರೋ ಫೋನ್ ಮಾಡಿ ಓಟಿಪಿ ಕೇಳ್ತಾರಲ್ಲ, ಅದ ಹೇಳಿದ್ರೆ ಹೋಯ್ತದೆ. ಪಿನ್ನೂ ಅಷ್ಟೆ, ಬ್ಯಾಂಕ್ನೋರು ಅಂದ್ರೂ ಹೇಳ್ಬೇಡಿ. ನಮ್ಮೋರ ಮುಖ ನೋಡಕ್ಕೆ ಅವೆರಡೂ ಬೇಕಿಲ್ಲ,” ಎಂದಳು ಶೃತಿ.

ಮಧ್ಯಾಹ್ನ ಒಮ್ಮೆ ಹಾಡಿ ನೋಡಲೆಂದು ಗಾವಡಗೆರೆಗೆ ಕರೆ ಮಾಡಿದರು. ಪರದೆಯ ತುಂಬ ಹೆಂಗಸರು ಕಂಡರು. ಬೀಗರೂ ನೋಡುತ್ತಿರಬಹುದೆಂದು ಶಿವರುದ್ರಮ್ಮನವರು ತಲೆಯ ಮೇಲೆ ಸೆರಗು ಎಳೆದುಕೊಂಡು ಸೊಲ್ಲು ಎತ್ತಿದರು. ಅತ್ತಲಿನವರು ಅದನ್ನೇ ತಿರುಗಿ ಹಾಡಬೇಕು. ಅವರ ದನಿ ತುಸು ತಡವಾಗಿ ಬರುವಷ್ಟರಲ್ಲಿ ಇವರು ಮುಂದಿನ ಸೊಲ್ಲಿಗೆ ಹೋಗಿದ್ದರು. ಎರಡೂ ಕಲಸಿಹೋಗಿ ಯಾರಿಗೂ ಒಂದು ಪದವೂ ತಿಳಿಯಲಿಲ್ಲ.

“ಇದು ಮಾತಾಡಕ್ಕೆ ಸರಿ, ಹಾಡಕ್ಕಲ್ಲ ಬುಡವ್ವ. ಸ್ಪೀಕರೇ ಹಾಕ್ಕಳ್ಳಿ,” ಎಂದು ಶಿವರುದ್ರಮ್ಮನವರು ಟ್ಯಾಬನ್ನು ದೂರ ತಳ್ಳಿದರು. ತಾವು ಮೊದಲೇ ಹೇಳಿದ್ದಾಗಿ ಲಿಂಗಣ್ಣನವರು ಗೊಣಗಿದರು.

ಶೃತಿ ಸಮಾಧಾನದಿಂದ ವಿವರಿಸಿದಳು: ತಪ್ಪು ಹಾಡಿನದಲ್ಲ, ಹಾಡಿದವರದೂ ಅಲ್ಲ, ನೆಟ್‌ವರ್ಕಿನಲ್ಲಿ ದನಿ ಹೋಗಿ ಬರಲು ಕೊಂಚ ಹೊತ್ತು ಹಿಡಿಯುತ್ತದೆ, ಅಷ್ಟು ಕಾದರೆ ಸಾಕು. ಶಿವರುದ್ರಮ್ಮನವರ ಕಣ್ಣು ಅರಳಿತು.

“ಚುಂಚನಕಟ್ಟೇಲಿ ನಾಟಿ ಹಾಕೋವಾಗ ಕೊನೇ ಗದ್ದೆಯೋರ ಸೊಲ್ಲೂ ಇಂಗೇ ತಡವಾಗಿ ಬರೋದು ಕಣವ್ವ. ಅವ್ರುದು ಮುಗಿಯೋಗಂಟ ನಾವು ಬಗ್ಗಿ ಪೈರು ನೆಡ್ತಿದ್ವಿ. ಅಷ್ಟೇ ತಾನೆ? ಕೊಡು ಇಲ್ಲಿ.”

ಸಂಜೆ ಆರೈಕೆ ಮನೆಯವರೆಲ್ಲ ಸುತ್ತ ಸೇರಿದರು. ಶಿವರುದ್ರಮ್ಮನವರು ಹಾಡಿದರು, ಕಾದರು. ಕಾಯುವಾಗ ಅವರ ಬೆರಳುಗಳು ಮಡಿಲ ಮೇಲೆ ಪೈರು ನೆಡುತ್ತಲೇ ಇದ್ದವು. ಗಾವಡಗೆರೆಯ ಚಪ್ಪರದಿಂದ ಸೊಲ್ಲು ಇಡಿಯಾಗಿ ತಿರುಗಿ ಬಂತು. ಇತ್ತ ಗಾಲಿಕುರ್ಚಿಯಲ್ಲಿದ್ದವರೂ ದನಿಗೂಡಿಸಿದರು. ಬೃಂದಾಳ ತಾಯಿ ಬಟ್ಟಲು ಹಿಡಿದು ಪರದೆಯತ್ತ ಬಗ್ಗಿ, “ಅವ್ವ, ಹಚ್ಚನಾ?” ಎಂದಳು.

“ಹಚ್ಚವ್ವ. ಎಡಗೆನ್ನೆ ಬುಟ್ಟೋಗದಂಗೆ ನೋಡ್ಕೊ, ಇಲ್ಲಿಗೇ ಕಾಣ್ತದೆ.”

ಎರಡೂ ಕಡೆ ನಗು ಎದ್ದಿತು. ಅದು ಅಡಗುವ ಮೊದಲೇ ಲಿಂಗಣ್ಣನವರು ಶೃತಿಯ ಕಿವಿಯ ಬಳಿ ಬಂದು, ಪಿರಿಯಾಪಟ್ಟಣದಲ್ಲಿರುವ ತಮ್ಮನನ್ನೂ ಇದರಲ್ಲಿ ಕಾಣಬಹುದೇ ಎಂದು ಕೇಳಿದರು.

ಬಂಧುಗಳೇ, ನಿಮ್ಮ ಹಿರಿಯರು ಆರೈಕೆ ಮನೆಯಲ್ಲಿದ್ದರೆ ಶುಭಕಾರ್ಯ ಮುಗಿದ ಮೇಲೆ ಫೋಟೊ ಕಳುಹಿಸಿ ಸುಮ್ಮನಾಗಬೇಡಿ. ಕಾರ್ಯ ನಡೆಯುತ್ತಿರುವಾಗಲೇ ಕರೆಯಿರಿ, ಅವರ ಪಾಲಿನ ಕೆಲಸ ಅವರಿಗೇ ಕೊಡಿ. ಹಿರಿಯರೇ, ಬೆರಳು ತಪ್ಪಿ ಬೇರೆಲ್ಲೋ ಒತ್ತಿದರೆ ಅಂಜಬೇಡಿ. ಅಲ್ಲಿರುವವರನ್ನು ಕೇಳಿ, ಮತ್ತೆ ಒತ್ತಿ. ಓಟಿಪಿ, ಪಿನ್ ಮಾತ್ರ ನಿಮ್ಮ ಬಾಯಿಂದ ಹೊರಡದಿರಲಿ. ಉಳಿದುದನ್ನೆಲ್ಲ ಗಟ್ಟಿಯಾಗಿ ಹೇಳಿ. ಕೇಳಬೇಕಾದವರು ಅತ್ತ ಕಾಯುತ್ತಿದ್ದಾರೆ.