ಹಾಳೆಯ ಬೆನ್ನು

ಪುಸ್ತಕ ಸಂಗ್ರಹಿಸುವವರಲ್ಲಿ ಓದುವವರು ಒಂದು ಬಗೆ, ಸವರುವವರು ಇನ್ನೊಂದು ಬಗೆ. ನಮ್ಮ ಸಂಘದಲ್ಲಿ ಸವರುವವರದೇ ಕಾರುಬಾರು. ತಿಂಗಳಿಗೊಂದು ಭಾನುವಾರ ಲೈಬ್ರರಿಯ ಮೇಲಿನ ಮಹಡಿಯಲ್ಲಿ ಸೇರುತ್ತಾರೆ, ಸೋಪು ಹಾಕಿ ಕೈ ತೊಳೆಯುತ್ತಾರೆ, ಆಮೇಲೆ ಕಣ್ಣು ಮುಚ್ಚಿ ಪುಟಗಳ ಬೆನ್ನು ತಡವುತ್ತಾರೆ. ಒತ್ತಿದ ಅಕ್ಷರ ಹಿಂದಿನಿಂದ ಬೆರಳಿಗೆ ಸಿಕ್ಕಿತೋ, ಮುಖ ಅರಳುತ್ತದೆ. ನಾನು ಮೂವತ್ತೈದು ವರ್ಷ ಪುಸ್ತಕ ಹೊಲಿದವಳು, ಬೈಂಡಿಂಗ್ ನನ್ನ ಕಸುಬು. ಯಾವ ಪುಸ್ತಕ ಎಷ್ಟು ಕಾಲ ಬಾಳುತ್ತದೆ ಎಂದು ಕೇಳಲು ನನ್ನನ್ನು ಕರೆಯುತ್ತಾರೆ. ಹೇಳಿದ ಮೇಲೆ ತಮಗೆ ತೋಚಿದ್ದನ್ನೇ ಮಾಡುತ್ತಾರೆ.

ಈ ಸಲ ಮಾತು ಬಂದದ್ದು ಆ ಕಾದಂಬರಿಯದು. ಹೊಳೆ ದಾಟಿಸುವವನ ಮೂವರು ಹೆಣ್ಣುಮಕ್ಕಳ ಕತೆ. ಶಾಲೆಯಲ್ಲಿ ಬೈದುಕೊಂಡು ಅರ್ಧ ಓದಿ, ನಲವತ್ತು ದಾಟಿದ ಮೇಲೆ ಪೂರ್ತಿ ಓದಿ ಅತ್ತವರು ಎಷ್ಟೋ ಜನ. ಅದರ ಒಂದು ಒಳ್ಳೆಯ ಪ್ರತಿಯನ್ನು ಓದುವ ಕೋಣೆಯಲ್ಲಿ ಇಡಬೇಕೆಂದು ಲೈಬ್ರರಿಯಮ್ಮ ತೀರ್ಮಾನಿಸಿದ್ದರು. ಗಾಜಿನೊಳಗಲ್ಲ, ಯಾರು ಬೇಕಾದರೂ ಎತ್ತಿಕೊಂಡು ಓದುವ ಹಾಗೆ. ಸೀಸದ ಅಚ್ಚುಮೊಳೆ ಜೋಡಿಸಿ ಕೈಯಲ್ಲೇ ಅಚ್ಚು ಹಾಕಿದ ಆವೃತ್ತಿಗಳು ಒಟ್ಟು ಮೂರು. ಅವನ್ನು ಹೋಲಿಸಿ ಒಂದನ್ನು ಆರಿಸಿಕೊಡುವುದು ಸಂಘದ ಕೆಲಸ. ಮೂರರಲ್ಲಿ ಒಂದು ನನ್ನ ಸೋದರಮಾವ ಮುದ್ರಿಸಿದ್ದು.

ಮಾವನಿಗೀಗ ಎಂಬತ್ತಮೂರು. ಅತ್ತೆ ತೀರಿಕೊಂಡು ಆರು ವರ್ಷವಾಯಿತು, ಅಂದಿನಿಂದ ನಮ್ಮ ಮನೆಯಲ್ಲೇ ಇದ್ದಾರೆ. ಮುದ್ರಿಸಿದ ನೂರಿಪ್ಪತ್ತು ಪ್ರತಿಗಳಲ್ಲಿ ಮೂವತ್ತೇಳು ಇನ್ನೂ ಅವರ ಮಂಚದ ಕೆಳಗಿವೆ. ಆ ಪುಸ್ತಕ ಬಂದಾಗ ಯಾರೂ ಅದನ್ನು ಮೂಸಿ ನೋಡಲಿಲ್ಲ. ಮಾವ ಆಮೇಲೆ ಇನ್ನೊಂದು ಪುಸ್ತಕಕ್ಕೆ ಕೈ ಹಾಕಲೇ ಇಲ್ಲ.

ಭಾನುವಾರ ಬೆಳಿಗ್ಗೆ ನಾನು ಚೀಲಕ್ಕೆ ಒಂದು ಪ್ರತಿ ಹಾಕಿಕೊಳ್ಳುತ್ತಿದ್ದಾಗ ಕರೆದರು. ನನ್ನನ್ನು ಅವರು ಕರೆಯುವುದು ಸೂಜಿ ಎಂದೇ, ಕೈಯಲ್ಲಿ ಸೂಜಿ ಇರುವುದಕ್ಕೋ ಮಾತು ಚುಚ್ಚುವುದಕ್ಕೋ ಕೇಳಿಲ್ಲ.

"ಒಂದೇ ಒಂದು ಪ್ರತಿ ಜನ ಓದೋ ಕಡೆ ಇದ್ಬಿಟ್ರೆ ಸಾಕು ಕಣೆ," ಎಂದರು. "ಮಂಚದ ಕೆಳಗೇ ಇದ್ದು ಹೋದ್ರೆ, ಮಾಡಿದ್ದೂ ಒಂದೇ, ಬಿಟ್ಟಿದ್ದೂ ಒಂದೇ."

"ಆಗಲಿ ಮಾವ."

"ಆ ಹಾಳೆ ಮಾತ್ರ ತೆಗೆದು ತೋರಿಸ್ಬೇಡ. ಮಾತು ಕೊಡು."

ಕೊಟ್ಟೆ. ಯಾವ ಹಾಳೆ ಎಂದು ನಾನು ಕೇಳಬೇಕಾಗಿರಲಿಲ್ಲ.

ಆಗೆಲ್ಲ ಮಾವನ ಮುದ್ರಣಾಲಯ ಒಂದು ಟೈಲರ್ ಅಂಗಡಿಯ ಹಿಂದಿನ ಉದ್ದನೆಯ ಕೋಣೆಯಲ್ಲಿತ್ತು. ಗೋಡೆಯ ಆ ಕಡೆ ಹೊಲಿಗೆ ಯಂತ್ರದ ಸದ್ದು, ಈ ಕಡೆ ಸೀಮೆಎಣ್ಣೆ, ಇಂಕು, ಒದ್ದೆ ಕಾಗದದ ವಾಸನೆ. ಅಚ್ಚಾದ ಹಾಳೆಗಳನ್ನು ಅತ್ತೆ ಬಟ್ಟೆ ಒಣಹಾಕುವ ತಂತಿಗೇ ಕ್ಲಿಪ್ಪು ಹಾಕಿ ತೂಗುಬಿಡುತ್ತಿದ್ದರು. ಒಂದು ಸಲ ಮಾವನ ಬಿಳಿ ಅಂಗಿಯ ತೋಳಿನ ಮೇಲೆ ಕಾದಂಬರಿಯ ಅರ್ಧ ಪುಟ ತಿರುಗುಮುರುಗಾಗಿ ಮೂಡಿತ್ತು. ಅದನ್ನೇ ತೊಟ್ಟುಕೊಂಡು ಅವರು ನೆಂಟರ ಮದುವೆಗೆ ಹೋಗಿಬಂದರು. ಆ ಕೋಣೆಯನ್ನು ನೆನೆದರೆ ಈಗಲೂ ನನ್ನ ಎದೆ ಹಗುರಾಗುತ್ತದೆ, ಮರುಕ್ಷಣವೇ ಭಾರವಾಗುತ್ತದೆ.

ಮಾವನದು ಒಂದೇ ಪಟ್ಟು: ಅಕ್ಷರ ಕಾಗದಕ್ಕೆ ತಾಗಬೇಕು, ಚುಚ್ಚಬಾರದು. ಒಂದೊಂದು ಹಾಳೆಯ ಬೆನ್ನನ್ನೂ ತಡವಿ ನೋಡುತ್ತಿದ್ದರು. ಏನಾದರೂ ಬೆರಳಿಗೆ ಸಿಕ್ಕಿದರೆ ಆ ಹಾಳೆ ಕಸದ ಬುಟ್ಟಿಗೆ. ಹಳೆಯ ಮುದ್ರಕರೆಲ್ಲ ಹಾಗೆಯೇ. ಈಗಿನವರು ಹುಡುಕಿಕೊಂಡು ಹೋಗುವ ಆ ಉಬ್ಬನ್ನು ಅವರು ಒರಟು ಕೈಯವರ ಕೆಲಸ ಎನ್ನುತ್ತಿದ್ದರು.

ಇನ್ನೂರ ಒಂಬತ್ತನೇ ಪುಟದಿಂದ ನಾಲ್ಕು ಪುಟದ ಹಾಳೆಗೆ ಮೊಳೆ ಜೋಡಿಸಿ, ಇಂಕು ಚೆನ್ನಾಗಿ ಹಿಡಿಯಲೆಂದು ನೂರಿಪ್ಪತ್ತು ಕಾಗದ ಒದ್ದೆ ಮಾಡಿಟ್ಟ ಸಂಜೆ ಮಾವನಿಗೆ ಜ್ವರ ಬಂತು. ಒದ್ದೆ ಕಾಗದ ಎರಡು ದಿನ ಹಾಗೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ, ಹೆಚ್ಚಿನ ಕಾಗದವೂ ಇರಲಿಲ್ಲ. ಇಪ್ಪತ್ತು ವರ್ಷ ಪಕ್ಕದಲ್ಲಿ ನಿಂತು ನೋಡಿದ್ದ ಅತ್ತೆ ಸೆರಗು ಸಿಕ್ಕಿಸಿಕೊಂಡು ತಾವೇ ಇಂಕು ಹಚ್ಚಿದರು. ಅಕ್ಷರ ಮೂಡದೆ ಹೋದರೆ ಗತಿಯೇನು ಎಂದು ಹೆದರಿ ಒತ್ತು ಜೋರಾಗಲೆಂದು ಹಾಳೆಯ ಹಿಂದೆ ಒಂದು ರದ್ದಿ ಕಾಗದ ಸೇರಿಸಿ, ಮೈಭಾರವನ್ನೆಲ್ಲ ಹಾಕಿ ಯಂತ್ರದ ಹಿಡಿ ಎಳೆದರು. ನೂರಿಪ್ಪತ್ತನ್ನೂ ಮುಗಿಸಿದರು. ಜ್ವರ ಬಿಟ್ಟು ಎದ್ದ ಮಾವ ಮೊದಲ ಹಾಳೆಯ ಬೆನ್ನು ತಡವಿ, "ಕಾಗದಾನ ಕುಟ್ಟಿಹಾಕಿದ್ದೀಯಲ್ಲೇ," ಎಂದರು. ಬೇರೆ ದಾರಿಯಿಲ್ಲದೆ ಅವನ್ನೇ ಸೇರಿಸಿ ನಾನು ಹೊಲಿದೆ.

ಸಭೆಯಲ್ಲಿ ಮೂರೂ ಪುಸ್ತಕ ಮೇಜಿನ ಮೇಲೆ ಬಂದವು. ಮೊದಲನೆಯದು ಚರ್ಮ, ಚಿನ್ನದ ಗೆರೆ, ಮರದಲ್ಲಿ ಕೊರೆದು ಮಾಡಿದ ಚಿತ್ರಗಳು. ನೋಡಲು ಮದುವೆಗೆ ಹೊರಟ ಮೈದುನನ ಹಾಗೆ ಝಗಮಗ. ತೆರೆದರೆ ಮಾತ್ರ ಪೂರ್ತಿ ತೆರೆಯದು, ಸಾಲಿನ ಕೊನೆಯ ಮಾತುಗಳನ್ನು ಬೆನ್ನುಹೊಲಿಗೆ ನುಂಗುತ್ತದೆ. ಎರಡನೆಯದು ಹತ್ತು ವರ್ಷದ ಈಚಿನದು. ದಪ್ಪ ಕಾಗದ, ಅಕ್ಷರಗಳು ಎಷ್ಟು ಆಳವೆಂದರೆ ಈ ಪುಟದ ಸಾಲುಗಳು ಆ ಪುಟದ ಮೇಲೆ ನೆರಳಾಗಿ ಕಾಣುತ್ತವೆ, ಹತ್ತು ಪುಟ ಓದುವಷ್ಟರಲ್ಲಿ ಕಣ್ಣು ಸೋಲುತ್ತದೆ. ಸಂಘದ ಅಧ್ಯಕ್ಷರಾದ ಹಲ್ಲಿನ ಡಾಕ್ಟರರು ಅದರ ಬೆನ್ನು ಸವರುತ್ತಲೇ ಇದ್ದರು.

ಮೂರನೆಯದು ಬೂದು ಬಟ್ಟೆಯ ರಟ್ಟಿನದು, ನಮ್ಮದು. ಡಾಕ್ಟರರು ಮೊದಲ ಕೆಲವು ಪುಟ ತಡವಿ ಪಕ್ಕಕ್ಕಿಟ್ಟರು.

"ಇದು ಆಫ್‌ಸೆಟ್ ಮೆಷಿನ್ನಿಂದು ಅಲ್ವೇನಮ್ಮ? ಹಿಂದೆ ಏನೂ ಸಿಗ್ತಿಲ್ಲ."

"ಅಲ್ಲ ಡಾಕ್ಟ್ರೇ. ನಮ್ಮ ಮಾವ ಅಚ್ಚು ಹಾಕಿದ್ದು, ನಾನು ಹೊಲಿದಿದ್ದು. ಹಿಂದೆ ಏನೂ ಸಿಗಬಾರ್ದು ಅಂತಾನೇ ಅಷ್ಟು ಹಗುರವಾಗಿ ಒತ್ತಿರೋದು."

"ನಿಮ್ಮವರು ಅಂತ ನೀವು ಹೇಳ್ತೀರಿ, ತಪ್ಪಲ್ಲ. ಆದ್ರೆ ಬೆರಳು ಸುಳ್ಳು ಹೇಳಲ್ವಲ್ಲ," ಎಂದು ನಕ್ಕರು. ನೋವಿಲ್ಲ ಎನ್ನುವ ರೋಗಿಯನ್ನು ನೋಡಿ ನಗುವ ನಗೆ ಅದು. ನನಗೆ ಮೈಯೆಲ್ಲ ಉರಿಯಿತು.

ಲೈಬ್ರರಿಯಮ್ಮ ನಮ್ಮ ಪ್ರತಿಯನ್ನು ಎತ್ತಿಕೊಂಡು ಒಂದು ಪುಟ ಓದಿದರು. "ಮೂರರಲ್ಲಿ ಇದನ್ನೇ ಆರಾಮಾಗಿ ಓದಬಹುದು. ಅಂಗೈ ಹಾಗೆ ಬಿಚ್ಕೊಳ್ಳುತ್ತೆ," ಎಂದರು. "ಆದ್ರೆ ಕೈಯಚ್ಚು ಅನ್ನೋದಕ್ಕೆ ಏನಾದ್ರೂ ಗುರುತು ಬೇಕಲ್ಲ." ಹಾಗೆಂದು ಎರಡನೆಯದರ ಕಡೆ ಕೈ ಚಾಚಿದರು.

ಮಾವನಿಗೆ ಕೊಟ್ಟ ಮಾತು ಉಳಿಸಿದರೆ ಮಾವನ ಪುಸ್ತಕ ವಾಪಸ್ಸು ಮಂಚದ ಕೆಳಗೆ. ನಾನು ಇನ್ನೂರ ಒಂಬತ್ತನೇ ಪುಟ ತೆಗೆದು ಡಾಕ್ಟರರ ಮುಂದೆ ಹಿಡಿದೆ.

ಅವರು ಬೆರಳಾಡಿಸಿದರು. ನಿಲ್ಲಿಸಿದರು. ಮತ್ತೆ ಮೇಲಿನಿಂದ ಕೆಳಗಿನವರೆಗೆ ಆಡಿಸಿದರು.

"ಅಚ್ಚು ಅಂದ್ರೆ ಇದು ನೋಡಿ," ಎಂದರು ಮೆಲ್ಲಗೆ. "ಇಡೀ ಪುಸ್ತಕದಲ್ಲಿ ಜೀವ ಇರೋ ಹಾಳೆ ಇದೊಂದೇ. ಇದನ್ನ ಒತ್ತಿದ ಕೈ ಯಾರದು?"

"ನಮ್ಮತ್ತೆಯದು," ಎಂದೆ. ಲೈಬ್ರರಿಯಮ್ಮ ಅಲ್ಲೇ ಕೂತು ನಮ್ಮ ಪುಸ್ತಕಕ್ಕೆ ನಂಬರು ಹಾಕಿದರು.

ಮನೆಗೆ ಬಂದಾಗ ಮಾವ ಕತ್ತಿನ ಗುಂಡಿಯವರೆಗೂ ಅಂಗಿ ಹಾಕಿಕೊಂಡು ಮಂಚದ ಮೇಲೆ ಕೂತಿದ್ದರು.

"ತಗೊಂಡ್ರು ಮಾವ."

ಅವರ ಅರಳಿದ ಮುಖ ನೋಡಿ ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಹೇಗೆ ಒಪ್ಪಿದರು ಎಂದು ಕೇಳಿದರು, ನನಗೆ ಅವರ ಹತ್ತಿರ ಸುಳ್ಳು ಬರುವುದಿಲ್ಲ.

"ಆ ಹಾಳೆ ತೋರಿಸ್ದೆ."

"ಮಾತು ಕೊಟ್ಟಿದ್ದೆಯಲ್ಲೇ."

"ಕೊಟ್ಟಿದ್ದೆ. ಬೈಯಿರಿ. ಆದ್ರೆ ಇಡೀ ಪುಸ್ತಕದಲ್ಲಿ ಅತ್ತೆ ಒತ್ತಿದ್ದೇ ಚೆನ್ನಾಗಿದೆ ಅಂದ್ರು."

"ಅವರಿಗೇನು ಗೊತ್ತು, ಮಣ್ಣು," ಎಂದು ಗೋಡೆಯ ಕಡೆ ತಿರುಗಿದರು. ಆಮೇಲೆ ಒಂದು ಪ್ರತಿ ಎಳೆದುಕೊಡು ಎಂದರು. ಪುಟ ತಾವೇ ಹುಡುಕಿದರು. ಒಂದು ಕಾಲಕ್ಕೆ ಒಂದು ಕೂದಲೆಳೆಯ ಉಬ್ಬನ್ನೂ ಬಿಡದ ಬೆರಳು ಈಗ ನಿಧಾನವಾಗಿ ಸಾಲಿನಿಂದ ಸಾಲಿಗೆ ಹೋಯಿತು.

"ಎರಡು ದಿನ ಮಾತಾಡಿಸಿರ್ಲಿಲ್ಲ ಅವಳನ್ನ," ಎಂದರು. "ಇಷ್ಟಕ್ಕೆ."

ನಾನು ಪಕ್ಕದಲ್ಲಿ ಕೂತೆ.

ಅವರು ಪುಸ್ತಕದ ಕೊನೆಯ ಪುಟ ತೆರೆದರು. ಯಾರು ಮುದ್ರಿಸಿದರು, ಯಾರು ಹೊಲಿದರು ಎಂದು ಅಲ್ಲಿ ಎರಡು ಸಾಲು ಇದೆ. "ನನ್ನ ಹೆಸರಿದೆ, ನಿನ್ನ ಹೆಸರಿದೆ. ಅವಳದಿಲ್ಲ."

"ಈಗ ಬರೆಯೋಣ ಮಾವ. ಇಂಕ್ ಪೆನ್ನು ತರ್ತೀನಿ. ಮೂವತ್ತಾರು ಪ್ರತಿಗೂ ಬರೆಯೋಣ, ಲೈಬ್ರರಿಗೂ ಹೋಗಿ ಬರೆದು ಬರ್ತೀನಿ."

ಮಾವ ಆ ಎರಡು ಸಾಲಿನ ಕೆಳಗಿನ ಖಾಲಿ ಜಾಗವನ್ನು ತಡವಿದರು, ಪುಟ ಮಗುಚಿ ಅದರ ಬೆನ್ನನ್ನೂ ತಡವಿದರು.

"ಪೆನ್ನಲ್ಲಿ ಬರೆದ್ರೆ ಹಿಂದೆ ಬೆರಳಿಗೆ ಸಿಗಲ್ಲ ಕಣೆ," ಎಂದರು.