ಮಿಶ್ರಿ ಹಚ್ಚಿದ ಹಲ್ಲು

ಧಾರವಾಡದ ಡಾಕ್ಟರು ಮಧುವಿನ ಹಲ್ಲಿನ ತಂತಿ ಬಿಚ್ಚಿದ ಮರುದಿನವೇ ಅವಳಪ್ಪ ಕಾಡಪ್ಪ ದೊಡವಾಡದ ತನ್ನ ಓಣಿಯವರನ್ನೆಲ್ಲ ಚಹಾಕ್ಕೆ ಕರೆದ. ಮಧು ಒಳಗೆ ಕನ್ನಡಿ ಹಿಡಿದು ನಿಂತಿದ್ದಳು. ಹಲ್ಲುಗಳೇನೋ ಸಾಲಾಗಿ ಕೂತಿದ್ದವು. ಆದರೆ ತಂತಿಯ ಬಿಲ್ಲೆ ಅಂಟಿಸಿದ್ದ ಜಾಗದ ಸುತ್ತ ಸುಣ್ಣ ಸಿಡಿದಂಥ ಬಿಳಿ ಕಲೆಗಳು ಉಳಿದಿದ್ದವು. ತಂತಿ ಕಿತ್ತೀತೆಂಬ ಅಂಜಿಕೆಯಿಂದ ಎರಡು ವರ್ಷ ಅವಳು ಅಲ್ಲಿ ಸರಿಯಾಗಿ ತಿಕ್ಕಿರಲೇ ಇಲ್ಲ. ಅವನ್ನು ಮುಚ್ಚಲು ಬೇರೆ ದಾರಿ ಹೊಳೆಯದೆ, ಅಪ್ಪನ ತಾಯಿ ರಾಚವ್ವ ದಿನಾ ತಿಕ್ಕಿ ಹಲ್ಲು ಕಪ್ಪಾಗಿಸಿಕೊಂಡಿದ್ದ ಸುಟ್ಟ ತಂಬಾಕಿನ ಪುಡಿ ಮಿಶ್ರಿಯನ್ನು ಆಕೆಯ ಡಬ್ಬಿಯಿಂದ ತೆಗೆದು ಹಲ್ಲಿಗೆಲ್ಲ ತಿಕ್ಕಿಕೊಂಡು ಹೊರಗೆ ಬಂದಳು.

“ನಗವಾ ಮಧು, ಎಲ್ಲಾರೂ ನೋಡ್ಲಿ!” ಎಂದ ಕಾಡಪ್ಪ.

ಅವಳು ನಕ್ಕಳು.

“ಅಯ್ಯ ಶಿವನ! ಕಾಡಪ್ಪಣ್ಣಾ, ಧಾರವಾಡಕ್ಕ ಕರಕೊಂಡ ಹೋಗಿ ಮಗಳಿಗೆ ನಿಮ್ಮವ್ವನ ಹಲ್ಲ ಕೂಡ್ರಿಸ್ಕೊಂಡ ಬಂದೀಯೇನ?” ಎಂದಳು ಮಗ್ಗಲ ಮನೆಯ ನೀಲವ್ವ. ಓಣಿಯೆಲ್ಲ ಬಿದ್ದು ಬಿದ್ದು ನಕ್ಕಿತು.

ಜನ ಹೋದ ಮೇಲೆ ಮಧು ಬಾಯಿ ಮುಕ್ಕಳಿಸಿ ಬಂದು, ಅಪ್ಪನಿಗೆ ಕಲೆಗಳನ್ನು ತೋರಿಸಿ, ತಾನು ತಿಕ್ಕದೇ ಬಿಟ್ಟದ್ದನ್ನೂ ಹೇಳಿದಳು. ಅವನು ಬೈದಿದ್ದರೆ ಚೆನ್ನಾಗಿತ್ತು.

“ಡಾಕ್ಟರ್ ಕೇಳಿದಾಗೊಮ್ಮೆ ನಾನ ಮುಂದಾಗಿ, ದಿನಾ ಚಲೋ ತಿಕ್ಕತಾಳ್ರಿ ಅಂತ ಹೇಳತಿದ್ನಲ್ಲ ಮಧು,” ಎಂದು ಕಾಡಪ್ಪ ತಲೆ ಕೆಳಗೆ ಹಾಕಿದ.

ಆ ಮಾತಿನ ಮುಂದೆ ಓಣಿಯವರ ನಗೆಯೇ ಮಧುವಿಗೆ ಹಗುರವೆನಿಸಿತು.